ಸ್ವತಂತ್ರ ಸಿದ್ಧಲಿಂಗೇಶ್ವರರು: ಧ್ಯಾನ ಮತ್ತು ಸ್ವತಂತ್ರ ವಿಚಾರ

ಇಂದಿನ ಮಂಡ್ಯ ಜಿಲ್ಲೆಯ ನಾಗಮಂಗಲ, ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಭೂಭಾಗ ಕರ್ನಾಟಕದ ಧರ್ಮೇತಿಹಾಸದಲ್ಲಿ ವಿಶಿಷ್ಟ ಸ್ಥಾನವನ್ನು ಪಡೆದಿದೆ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಜೈನ ಬಸದಿಗಳಿವೆ. ಊರಿಗೆ ಹೆಸರು ತಂದ ಬ್ರಹ್ಮದೇವರ ಕಂಬ ಇಂದಿಗೂ ನಿಂತಿದೆ. ಅದೇ ತಾಲ್ಲೂಕಿನ ಆದಿಚುಂಚನಗಿರಿ ನಾಥಪರಂಪರೆಯ ಪ್ರಾಚೀನ ಪೀಠ. ಪಾಂಡವಪುರ ತಾಲ್ಲೂಕಿನ ತೊಣ್ಣೂರು ಮತ್ತು ಮೇಲುಕೋಟೆಗಳು ಹನ್ನೆರಡನೆಯ ಶತಮಾನದಲ್ಲಿ ಶ್ರೀ ರಾಮಾನುಜಾಚಾರ್ಯರ ವಾಸದಿಂದ ಪವಿತ್ರವಾದುವು. ನಾಗಮಂಗಲಕ್ಕೆ ಹೊಂದಿಕೊಂಡ ಕುಣಿಗಲು ತಾಲ್ಲೂಕಿನ ಕಗ್ಗೆರೆ ಮತ್ತು ಎಡೆಯೂರುಗಳು ತೋಂಟದ ಸಿದ್ಧಲಿಂಗ ಯತಿಗಳ ತಪೋಭೂಮಿ. ಬಸದಿಯ ಮೌನ, ನಾಥರ ಯೋಗ, ಶ್ರೀವೈಷ್ಣವರ ಪ್ರಪತ್ತಿ, ಶರಣರ ಲಿಂಗಾನುಸಂಧಾನ ಇವೆಲ್ಲವೂ ಕೆಲವೇ ಹರದಾರಿಗಳ ಅಂತರದಲ್ಲಿ ಬೆಳೆದು ಬಂದ ನೆಲವಿದು.

ಈ ನೆಲದಲ್ಲಿಯೇ, ಕೃಷ್ಣರಾಜಪೇಟೆ ತಾಲ್ಲೂಕಿನ ಕಾಪನಹಳ್ಳಿಯಲ್ಲಿ ಒಂದು ಗವಿಮಠವಿದೆ. ಗಜರಾಜಗಿರಿಯೆಂದು ಹೆಸರಾದ ಈ ನೆಲೆಯೊಡನೆ ಪರಂಪರೆಯು ಒಬ್ಬ ವಚನಕಾರರ ಹೆಸರನ್ನು ಜೋಡಿಸಿಕೊಂಡು ಬಂದಿದೆ. ಅವರೇ ಸ್ವತಂತ್ರ ಸಿದ್ಧಲಿಂಗೇಶ್ವರರು. ತೋಂಟದ ಸಿದ್ಧಲಿಂಗ ಯತಿಗಳ ಶಿಷ್ಯವರ್ಗಕ್ಕೆ ಸೇರಿದ ಇವರ ನಾನೂರಕ್ಕೂ ಮಿಕ್ಕ ವಚನಗಳು ದೊರೆತಿವೆ. ‘ಜಂಗಮ ರಗಳೆ’, ‘ಮುಕ್ತ್ಯಂಗನಾ ಕಂಠಮಾಲೆ’ ಎಂಬ ಕೃತಿಗಳೂ ಇವರ ಹೆಸರಿನಲ್ಲಿವೆ. ಇವರ ವಚನಗಳ ಅಂಕಿತ ‘ನಿಜಗುರು ಸ್ವತಂತ್ರ ಸಿದ್ಧಲಿಂಗೇಶ್ವರ’ ಎಂಬುದು.

ಈ ಅಂಕಿತವನ್ನು ಓದುವವರು ಸಾಮಾನ್ಯವಾಗಿ ಒಂದು ಅಂಶವನ್ನು ಗಮನಿಸದೆ ಮುಂದೆ ಸಾಗುತ್ತಾರೆ. ‘ಗುರು’ ಎಂಬ ಮಾತೂ ‘ಸ್ವತಂತ್ರ’ ಎಂಬ ಮಾತೂ ಇಲ್ಲಿ ಒಂದರ ಪಕ್ಕದಲ್ಲೊಂದು ಕುಳಿತಿವೆ. ಗುರುವಿಗೆ ಶರಣಾದವನಿಗೆ ಸ್ವಾತಂತ್ರ್ಯವೆಲ್ಲಿಯದು? ಸ್ವತಂತ್ರವಾಗಿ ವಿಚಾರ ಮಾಡುವವನಿಗೆ ಗುರುವೇಕೆ? ಕಣ್ಣು ಮುಚ್ಚಿ ಮನಸ್ಸನ್ನು ಅಡಗಿಸುವ ಧ್ಯಾನವು ವಿಚಾರಶಕ್ತಿಯನ್ನೂ ಅಡಗಿಸಿಬಿಡುವುದಿಲ್ಲವೆ? ಆಧುನಿಕ ವಿದ್ಯಾರ್ಥಿಗಳು ಈ ಪ್ರಶ್ನೆಗಳನ್ನು ಕೇಳುವುದು ಸಹಜ. ಹದಿನೈದು–ಹದಿನಾರನೆಯ ಶತಮಾನಗಳ ವಿರಕ್ತರು ಇವಕ್ಕೆ ಕೊಟ್ಟ ಉತ್ತರ ಅವರ ಸಾಧನೆಯಲ್ಲಿಯೂ ಗ್ರಂಥಸಂಪಾದನೆಯಲ್ಲಿಯೂ ಅಡಗಿದೆ.

ತೋಂಟದ ಪರಂಪರೆ

ಹನ್ನೆರಡನೆಯ ಶತಮಾನದ ಕಲ್ಯಾಣದ ಕ್ರಾಂತಿಯ ತರುವಾಯ ಶರಣರು ಚದುರಿಹೋದರು. ಅವರ ವಚನಗಳ ಕಟ್ಟುಗಳು ಎಲ್ಲೆಲ್ಲಿಯೋ ಉಳಿದುವು. ವಿಜಯನಗರದ ಪ್ರೌಢದೇವರಾಯನ (1424–1446) ಕಾಲದಲ್ಲಿ ಅವಕ್ಕೆ ಪುನರುಜ್ಜೀವನ ದೊರೆಯಿತು. ಲಕ್ಕಣ್ಣ ದಂಡೇಶನ ‘ಶಿವತತ್ತ್ವ ಚಿಂತಾಮಣಿ’, ಚಾಮರಸನ ‘ಪ್ರಭುಲಿಂಗಲೀಲೆ’ ಆ ಕಾಲದ ಫಲಗಳು. ನೂರೊಂದು ವಿರಕ್ತರು ಊರೂರು ತಿರುಗಿ ವಚನಗಳನ್ನು ಸಂಗ್ರಹಿಸಿ, ಸ್ಥಲಕಟ್ಟುಗಳಲ್ಲಿ ಜೋಡಿಸಿದರೆಂದು ಪ್ರತೀತಿಯಿದೆ.

ಈ ಕಾರ್ಯವನ್ನು ಮುಂದಿನ ತಲೆಮಾರುಗಳಲ್ಲಿ ದಕ್ಷಿಣ ಕರ್ನಾಟಕದಲ್ಲಿ ಕೈಗೊಂಡವರಲ್ಲಿ ತೋಂಟದ ಸಿದ್ಧಲಿಂಗ ಯತಿಗಳು ಅಗ್ರಗಣ್ಯರು. ಚಾಮರಾಜನಗರದ ಬಳಿಯ ಹರದನಹಳ್ಳಿಯ ಗೋಸಲ ಚನ್ನಬಸವೇಶ್ವರರಿಂದ ಅನುಗ್ರಹ ಪಡೆದ ಇವರು ದೇಶಸಂಚಾರವನ್ನು ಮುಗಿಸಿ, ನಾಗಿನೀ ನದಿಯ ದಡದ ಕಗ್ಗೆರೆಯ ತೋಟವೊಂದರಲ್ಲಿ ಶಿವಯೋಗಕ್ಕೆ ಕುಳಿತರು. ಯತಿಗಳನ್ನು ಮರೆಮಾಡಿ ಹುತ್ತ ಬೆಳೆಯಿತೆಂದೂ, ಹಸುವೊಂದು ಅಲ್ಲಿಗೆ ಬಂದು ಹಾಲು ಕರೆಯುತ್ತಿತ್ತೆಂದೂ, ಭಕ್ತನಾದ ನಂಬಿಯಣ್ಣನು ಅವರನ್ನು ಕಂಡುಕೊಂಡನೆಂದೂ ಪುರಾಣಗಳು ಹೇಳುತ್ತವೆ. ತೋಟದಲ್ಲಿ ನೆಲಸಿದ ಕಾರಣ ‘ತೋಂಟದ’ ಎಂಬ ವಿಶೇಷಣ ಅವರ ಹೆಸರಿಗೆ ಸೇರಿತು. ಎಡೆಯೂರು ಅವರ ಐಕ್ಯಸ್ಥಳ. ವಿರಕ್ತ ತೋಂಟದಾರ್ಯನು ಅವರ ಚರಿತ್ರೆಯನ್ನು ಪುರಾಣವಾಗಿ ಬರೆದಿದ್ದಾನೆ.

ಹುತ್ತದ ಕಥೆಯನ್ನು ಅಕ್ಷರಶಃ ನಂಬುವವರಿದ್ದಾರೆ, ಕವಿಕಲ್ಪನೆಯೆಂದು ಬದಿಗಿಡುವವರೂ ಇದ್ದಾರೆ. ಆದರೆ ಒಂದು ಸಂಗತಿ ನಿಸ್ಸಂದೇಹವಾದುದು. ಹುತ್ತದೊಳಗೆ ಕುಳಿತರೆಂದು ಜನ ನಂಬಿದ ಈ ಯತಿಗಳೇ 701 ವಚನಗಳ ‘ಷಟ್‌ಸ್ಥಲ ಜ್ಞಾನಸಾರಾಮೃತ’ವನ್ನು ರಚಿಸಿದರು. ಪಿಂಡ, ಬ್ರಹ್ಮಾಂಡ, ಲಿಂಗ, ಅಂಗಗಳ ತತ್ತ್ವವನ್ನು ಒಂದೊಂದೇ ಮೆಟ್ಟಿಲಾಗಿ ವಿಂಗಡಿಸಿ, ತರ್ಕಬದ್ಧವಾಗಿ ನಿರೂಪಿಸುವ ಗ್ರಂಥವದು. ಅಲ್ಲಿ ಭಾವಾವೇಶಕ್ಕಿಂತ ವಿವೇಚನೆಯೇ ಮುಂದು. ಮನಸ್ಸನ್ನು ನಿಲ್ಲಿಸಿದವನಿಗೆ ಬುದ್ಧಿ ಮಂಕಾಗುತ್ತದೆ ಎಂಬ ಆಕ್ಷೇಪಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಾಗುವುದಿಲ್ಲ.

ಯತಿಗಳೊಡನೆ ಏಳುನೂರೊಂದು ವಿರಕ್ತರಿದ್ದರೆಂಬುದು ಪರಂಪರೆಯ ಎಣಿಕೆ. ಅವರಲ್ಲಿ ಹಲವರು ತಾವೂ ವಚನಗಳನ್ನು ಬರೆದರು. ಘನಲಿಂಗಿದೇವರು ಒಬ್ಬರಾದರೆ, ಕಾಪನಹಳ್ಳಿಯ ಸ್ವತಂತ್ರ ಸಿದ್ಧಲಿಂಗೇಶ್ವರರು ಮತ್ತೊಬ್ಬರು. ಗುರುವಿನ ಹೆಸರೂ ಸಿದ್ಧಲಿಂಗ, ಶಿಷ್ಯರ ಹೆಸರೂ ಸಿದ್ಧಲಿಂಗ. ಶಿಷ್ಯರ ಹೆಸರಿಗೆ ‘ಸ್ವತಂತ್ರ’ ಎಂಬುದು ಸೇರಿ ಇಬ್ಬರನ್ನೂ ಬೇರ್ಪಡಿಸುತ್ತದೆ.

‘ಸ್ವತಂತ್ರ’ ಎಂಬ ಮಾತು

‘ತಂತ್ರ’ ಎಂಬ ಸಂಸ್ಕೃತ ಶಬ್ದಕ್ಕೆ ನೇಯ್ಗೆಯ ಹಾಸು ಎಂಬುದು ಪ್ರಾಚೀನ ಅರ್ಥಗಳಲ್ಲಿ ಒಂದು. ಯಾವನ ನೇಯ್ಗೆಗೆ ಹಾಸು ತನ್ನದೇ ಆಗಿದೆಯೋ ಅವನು ಸ್ವತಂತ್ರ. ಯಾವನು ಪರರ ಹಾಸಿನ ಮೇಲೆ ಹೊಕ್ಕಾಗಿ ಓಡಾಡುವನೋ ಅವನು ಪರತಂತ್ರ ಎಂದು ಇದನ್ನು ವಿವರಿಸಬಹುದು. ವೈಯಾಕರಣಿಯಾದ ಪಾಣಿನಿಯು ವಾಕ್ಯದಲ್ಲಿ ಕರ್ತೃವನ್ನು ಸ್ವತಂತ್ರನೆಂದು ಲಕ್ಷಣೀಕರಿಸಿದ್ದಾನೆ. ಕ್ರಿಯೆಯ ಮೂಲ ಯಾರಲ್ಲಿದೆಯೋ ಅವನೇ ಕರ್ತೃ. ಉಳಿದವು ಅವನ ಉಪಕರಣಗಳು.

ಶೈವದರ್ಶನಗಳಲ್ಲಿ ಈ ಶಬ್ದಕ್ಕೆ ಇನ್ನೂ ಗಾಢವಾದ ಅರ್ಥವಿದೆ. ಪತಿ, ಪಶು, ಪಾಶ ಎಂಬುದು ಆ ದರ್ಶನಗಳ ಮೂಲ ವಿಭಾಗ. ಪತಿಯಾದ ಶಿವನು ಸ್ವತಂತ್ರನು. ಪಶುವಾದ ಜೀವನು ಪಾಶದಿಂದ ಬದ್ಧನಾಗಿ ಪರತಂತ್ರನು. ಹೀಗಾಗಿ ಸ್ವಾತಂತ್ರ್ಯವೆಂದರೆ ಮನಸ್ಸಿಗೆ ಬಂದಂತೆ ನಡೆಯುವುದಲ್ಲ. ಮನಸ್ಸಿಗೆ ಬಂದಂತೆ ನಡೆಯುವವನು ಮನಸ್ಸಿನ ಆಳಾಗಿರುತ್ತಾನೆ. ಆಸೆ ಎಳೆದ ಕಡೆಗೆ ಅವನು ಹೋಗುತ್ತಾನೆ. ಅಂಜಿಕೆ ತಡೆದ ಕಡೆ ನಿಲ್ಲುತ್ತಾನೆ. ಅವನ ಕೊರಳ ಹಗ್ಗ ಹೊರಗೆ ಕಾಣುವುದಿಲ್ಲವಾದುದರಿಂದ ತನ್ನನ್ನು ಸ್ವತಂತ್ರನೆಂದು ಭ್ರಮಿಸುತ್ತಾನೆ. ಜೀವನು ಶಿವನಲ್ಲಿ ಸಮರಸಗೊಂಡಾಗ ಮಾತ್ರ ಶಿವನ ಸ್ವಾತಂತ್ರ್ಯ ಅವನದಾಗುತ್ತದೆ ಎಂಬುದು ವೀರಶೈವರ ನಿಲುವು. ‘ಸ್ವತಂತ್ರ’ ಎಂಬುದು ಲಿಂಗದ ವಿಶೇಷಣವಾಗಿ ಅಂಕಿತದಲ್ಲಿ ಬಂದಿರುವುದರ ಔಚಿತ್ಯವನ್ನು ಈ ಹಿನ್ನೆಲೆಯಲ್ಲಿ ಮನಗಾಣಬೇಕು.

ಇನ್ನು ‘ನಿಜಗುರು’ ಎಂಬ ಮಾತು. ‘ನಿಜ’ ಎಂದರೆ ಸತ್ಯ ಎಂಬ ಅರ್ಥದೊಂದಿಗೆ ತನ್ನದು, ಸ್ವಂತದ್ದು ಎಂಬ ಅರ್ಥವೂ ಇದೆ. ನಿಜಗುರು ಎಂದರೆ ಸತ್ಯನಾದ ಗುರು. ತನ್ನೊಳಗಿನ ಗುರುವೂ ಹೌದು. ಹೊರಗಿನ ಗುರು ಒಳಗಿನ ಅರಿವನ್ನು ಎಚ್ಚರಿಸಿ, ಅದಕ್ಕೆ ಅಧಿಕಾರವನ್ನು ಒಪ್ಪಿಸುತ್ತಾನೆ. ಶರಣರು ‘ಅರಿವೇ ಗುರು’ ಎಂದು ಬಗೆದುದರ ಇಂಗಿತ ಇದೇ. ಹೀಗೆ ನೋಡಿದಲ್ಲಿ ಗುರು ಮತ್ತು ಸ್ವತಂತ್ರ ಎಂಬ ಎರಡು ಮಾತುಗಳ ನಡುವೆ ವಿರೋಧ ಉಳಿಯುವುದಿಲ್ಲ.

ಅಂಗೈಯ ಲಿಂಗ ಮತ್ತು ಅವಧಾನ

ಈ ನಿಲುವು ಕೇವಲ ಶಬ್ದಾರ್ಥದ ಚಮತ್ಕಾರವಲ್ಲವೆಂಬುದು ಇಷ್ಟಲಿಂಗಾರ್ಚನೆಯ ವಿಧಾನವನ್ನು ಪರಿಶೀಲಿಸಿದಾಗ ಸ್ಪಷ್ಟವಾಗುತ್ತದೆ. ದೇವಾಲಯದ ಪೂಜೆಯನ್ನು ಅರ್ಚಕನು ಭಕ್ತನ ಪರವಾಗಿ ಮಾಡಬಹುದು. ಸಂಕಲ್ಪ ಒಬ್ಬನದು, ಕ್ರಿಯೆ ಇನ್ನೊಬ್ಬನದು ಆಗಿರಲು ಅಲ್ಲಿ ಅವಕಾಶವಿದೆ. ಇಷ್ಟಲಿಂಗದಲ್ಲಿ ಈ ಅವಕಾಶವಿಲ್ಲ. ಗುರುವು ದೀಕ್ಷೆಯ ದಿನ ಲಿಂಗವನ್ನು ಶಿಷ್ಯನ ಅಂಗೈಗೆ ಕೊಡುತ್ತಾನೆ. ಆ ಕ್ಷಣದಿಂದ ಪೂಜೆಯ ಹೊಣೆ ಶಿಷ್ಯನದು. ತಂದೆಯ ಪರವಾಗಿ ಮಗನಾಗಲಿ, ಹೆಂಡತಿಯ ಪರವಾಗಿ ಗಂಡನಾಗಲಿ, ಶಿಷ್ಯನ ಪರವಾಗಿ ಗುರುವಾಗಲಿ ಅದನ್ನು ನೆರವೇರಿಸುವಂತಿಲ್ಲ. ಹಸಿವನ್ನು ಪರರ ಊಟ ತಣಿಸದಂತೆ, ಒಬ್ಬನ ಅರಿವನ್ನು ಇನ್ನೊಬ್ಬನ ಧ್ಯಾನ ಬೆಳೆಸಲಾರದು. ವಿಚಾರವೂ ಇಂತಹುದೇ ಆಗಿದೆ.

ಸಾಧಕನು ಎಡಗೈಯ ಅಂಗೈಯಲ್ಲಿ ಲಿಂಗವನ್ನು ಇರಿಸಿಕೊಂಡು ಅದರಲ್ಲಿ ದೃಷ್ಟಿಯನ್ನು ನೆಡುತ್ತಾನೆ. ಕಂಥೆಯಿಂದ ಕಪ್ಪಾಗಿ ನುಣುಪಾದ ಲಿಂಗದ ಮೇಲೆ ಬೆಳಕಿನ ಬಿಂದು ಕಾಣುತ್ತದೆ. ದೃಷ್ಟಿ ಅಲ್ಲಿ ನಿಂತಾಗ ಉಸಿರು ತಾನಾಗಿ ಮೆಲ್ಲಗಾಗುತ್ತದೆ. ಉಸಿರು ಮೆಲ್ಲಗಾದಂತೆ ಮನಸ್ಸಿನ ಓಟವೂ ತಗ್ಗುತ್ತದೆ. ಕಣ್ಣು, ಪ್ರಾಣ, ಭಾವ ಈ ಮೂರೂ ಒಂದೆಡೆ ಕೂಡುವುದನ್ನೇ ಇಷ್ಟಲಿಂಗ, ಪ್ರಾಣಲಿಂಗ, ಭಾವಲಿಂಗಗಳ ಸಂಬಂಧವೆಂದು ಶಾಸ್ತ್ರವು ನಿರೂಪಿಸುತ್ತದೆ.

ಮೊದಲ ದಿನಗಳಲ್ಲಿ ಸಾಧಕನಿಗೆ ದೊರೆಯುವುದು ಶಾಂತಿಯಲ್ಲ. ತನ್ನ ಮನಸ್ಸು ಎಷ್ಟು ಚಂಚಲವೆಂಬ ತಿಳಿವಳಿಕೆ. ಯಾರೋ ಹೊಗಳಿದ ಮಾತು, ಯಾರೋ ತೆಗಳಿದ ಮಾತು, ಸಂತೆಯಲ್ಲಿ ಕೇಳಿದ ಸುದ್ದಿ, ನಾಳಿನ ಚಿಂತೆ ಇವೆಲ್ಲವೂ ಸಾಲುಗಟ್ಟಿ ಬರುತ್ತವೆ. ತಾಳ್ಮೆಯಿಂದ ಕುಳಿತವನಿಗೆ ಒಂದು ಸತ್ಯ ಗೋಚರವಾಗುತ್ತದೆ. ತನ್ನ ಅಭಿಪ್ರಾಯಗಳೆಂದು ಭಾವಿಸಿದ್ದವುಗಳಲ್ಲಿ ಹೆಚ್ಚಿನವು ತನ್ನವಲ್ಲ. ಕೆಲವು ಮನೆಯ ರೂಢಿಯಿಂದ ಬಂದುವು, ಕೆಲವು ನೆರೆಹೊರೆಯವರ ಅಂಜಿಕೆಯಿಂದ, ಕೆಲವು ಹಳೆಯ ಕೋಪದಿಂದ. ಗದ್ದಲದಲ್ಲಿ ಇವನ್ನು ಬೇರ್ಪಡಿಸಲಾಗುವುದಿಲ್ಲ. ಕದಡಿದ ನೀರು ತಿಳಿಯಾದಾಗ ತಳದ ಕಲ್ಲು ಒಂದೊಂದಾಗಿ ಕಾಣುವಂತೆ, ಮನಸ್ಸು ತಣಿದಾಗ ಆಲೋಚನೆಗಳ ಮೂಲ ಕಾಣುತ್ತದೆ. ಸ್ವತಂತ್ರ ವಿಚಾರದ ಆರಂಭ ಇಲ್ಲಿಯೇ.

ಷಟ್‌ಸ್ಥಲದ ಕ್ರಮವೂ ಇದನ್ನೇ ಸಮರ್ಥಿಸುತ್ತದೆ. ಭಕ್ತ, ಮಾಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಿಗೆ ಶ್ರದ್ಧೆ, ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸ ಎಂಬ ಆರು ಭಕ್ತಿಗಳನ್ನು ಹೇಳಲಾಗಿದೆ. ಶ್ರದ್ಧೆಯಿಂದ ಪ್ರಯಾಣ ಆರಂಭವಾಗುತ್ತದೆ, ಆದರೆ ಅಲ್ಲಿಯೇ ಮುಗಿಯುವುದಿಲ್ಲ. ಅನುಭಾವಕ್ಕೆ ಮುನ್ನ ಅವಧಾನವೆಂಬ ಮೆಟ್ಟಿಲನ್ನು ಏರಲೇಬೇಕು. ಅವಧಾನವೆಂದರೆ ಎಚ್ಚರ. ಕಣ್ಣಿಗೆ, ಕಿವಿಗೆ, ನಾಲಗೆಗೆ ಬಂದುದನ್ನೆಲ್ಲ ಹಾಗೆಯೇ ನುಂಗದೆ, ಅರ್ಪಿಸಿ, ಪರೀಕ್ಷಿಸಿ, ಪ್ರಸಾದವಾದುದನ್ನು ಮಾತ್ರ ಸ್ವೀಕರಿಸುವುದು ಪ್ರಸಾದಿಯ ಲಕ್ಷಣ. ಈ ಲಕ್ಷಣ ಅನ್ನಕ್ಕೆ ಅನ್ವಯಿಸುವಂತೆ ಮಾತಿಗೂ ಅನ್ವಯಿಸುತ್ತದೆ.

ಶೂನ್ಯಸಂಪಾದನೆಯ ಸಾಕ್ಷ್ಯ

ಧ್ಯಾನವೊಂದೇ ಸಾಕೆಂದು ಶರಣಪರಂಪರೆ ಎಂದೂ ಹೇಳಲಿಲ್ಲ. ಶೂನ್ಯಸಂಪಾದನೆಯ ಎರಡು ಪ್ರಸಂಗಗಳನ್ನು ಇಲ್ಲಿ ಸ್ಮರಿಸಬಹುದು. ಸೊನ್ನಲಿಗೆಯಲ್ಲಿ ಸಿದ್ಧರಾಮರು ಕೆರೆ ಕಟ್ಟಿಸುತ್ತ, ಯೋಗದಲ್ಲಿ ಮಗ್ನರಾಗಿದ್ದರು. ಅಲ್ಲಿಗೆ ಬಂದ ಅಲ್ಲಮಪ್ರಭುಗಳು ಅವರನ್ನು ಕೆಣಕಿದರು. ಒಡ್ಡರು ಕಲ್ಲೆಸೆದರು, ಸಿದ್ಧರಾಮರು ಕೋಪಗೊಂಡರು. ಆ ಕೋಪವೇ ಪ್ರಭುಗಳ ಪ್ರಶ್ನೆಗೆ ದೊರೆತ ಉತ್ತರವಾಯಿತು. ಸಮಾಧಿಯಲ್ಲಿ ಅಡಗಿದ್ದ ಅಹಂಕಾರ ಒಂದು ಮಾತಿನ ಏಟಿಗೆ ಎದ್ದು ನಿಂತಿತ್ತು. ಅನಂತರದ ಸಂವಾದದಲ್ಲಿ ಸಿದ್ಧರಾಮರು ತಮ್ಮ ನಿಲವನ್ನು ತಾವೇ ವಿಮರ್ಶಿಸಿಕೊಂಡು ಪ್ರಭುಗಳೊಡನೆ ಕಲ್ಯಾಣಕ್ಕೆ ನಡೆದರು.

ಎರಡನೆಯದು ಗೋರಕ್ಷನ ಪ್ರಸಂಗ. ಯೋಗಬಲದಿಂದ ವಜ್ರಕಾಯನಾಗಿದ್ದ ಗೋರಕ್ಷನ ದೇಹಕ್ಕೆ ಕತ್ತಿ ತಾಗಿದಾಗ ಖಣಿಲೆಂಬ ಸದ್ದಾಯಿತು. ಅದೇ ಕತ್ತಿ ಪ್ರಭುಗಳ ದೇಹದಲ್ಲಿ ಬಯಲನ್ನು ಹಾಯ್ದಂತೆ ಹಾಯ್ದುಹೋಯಿತು. ಗೋರಕ್ಷನಾಥರನ್ನು ಪೂಜಿಸುವ ನಾಥಪರಂಪರೆಯ ಪೀಠ ನಾಗಮಂಗಲ ಸೀಮೆಯಲ್ಲಿಯೇ ಇರುವಾಗ ಈ ಕಥೆಯನ್ನು ಇನ್ನೊಂದು ಪಂಥದ ನಿಂದೆಯಾಗಿ ಓದುವುದು ಉಚಿತವಲ್ಲ. ಕಥೆಯಲ್ಲಿ ಗೋರಕ್ಷನು ಸೋತು ಓಡಿಹೋಗುವುದಿಲ್ಲ. ಪ್ರಶ್ನಿಸಿ, ಕೇಳಿ, ತಿಳಿದುಕೊಳ್ಳುತ್ತಾನೆ. ಸಾಧನೆಯಿಂದ ಗಳಿಸಿದ ಶಕ್ತಿಯೂ ಒಂದು ಕವಚವಾಗಿ, ಸಾಧಕನನ್ನು ಬಂಧಿಸಬಹುದೆಂಬ ಎಚ್ಚರಿಕೆ ಎಲ್ಲ ಪಂಥಗಳ ಸಾಧಕರಿಗೂ ಸಲ್ಲುವಂತಹುದು.

ಕಥೆಗಳಿಗಿಂತ ಬಲವಾದ ಸಾಕ್ಷ್ಯ ಆ ಗ್ರಂಥದ ಇತಿಹಾಸದಲ್ಲಿದೆ. ಶೂನ್ಯಸಂಪಾದನೆ ಒಬ್ಬರ ಕೃತಿಯಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಅದನ್ನು ಮೊದಲು ಸಂಪಾದಿಸಿದರು. ಅನಂತರ ಹಲಗೆಯಾರ್ಯರು ಅದನ್ನು ತಮ್ಮ ವಿವೇಚನೆಯಂತೆ ಪರಿಷ್ಕರಿಸಿದರು. ಮೂರನೆಯವರು ಗುಮ್ಮಳಾಪುರದ ಸಿದ್ಧಲಿಂಗ ಯತಿಗಳು. ಈ ಗುಮ್ಮಳಾಪುರ ಇಂದು ತಮಿಳುನಾಡಿನ ಗಡಿಯೊಳಗಿದೆ. ನಾಲ್ಕನೆಯವರು ತುಮಕೂರು ಬಳಿಯ ಗೂಳೂರ ಸಿದ್ಧವೀರಣ್ಣೊಡೆಯರು. ಕೊನೆಯ ಇಬ್ಬರೂ ತೋಂಟದ ಪರಂಪರೆಗೆ ಸೇರಿದವರು. ಮೊದಲ ಸಂಪಾದನೆಯಲ್ಲಿ ಸುಮಾರು ಒಂದು ಸಾವಿರ ವಚನಗಳಿದ್ದರೆ, ಗೂಳೂರರ ಸಂಪಾದನೆಯಲ್ಲಿ ಅವು ಒಂದೂವರೆ ಸಾವಿರವನ್ನು ದಾಟಿವೆ. ಮೊದಲಿನದರಲ್ಲಿ ಕಾಣದ ಸಿದ್ಧರಾಮರ ಇಷ್ಟಲಿಂಗದೀಕ್ಷೆಯ ಪ್ರಸಂಗ ಗುಮ್ಮಳಾಪುರದವರಲ್ಲಿ ಸೇರಿತು. ಇಷ್ಟಲಿಂಗವಿಲ್ಲದೆಯೂ ಸಿದ್ಧರಾಮರಂತಹ ಯೋಗಿ ಪೂರ್ಣನಾಗಬಲ್ಲನೆ ಎಂಬ ಪ್ರಶ್ನೆಗೆ ಸಂಪಾದಕರು ಒಂದೇ ಉತ್ತರವನ್ನು ಕೊಡಲಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಈ ಭಿನ್ನತೆಯನ್ನು ದೋಷವೆಂದು ಬಗೆಯುವವರುಂಟು. ವಾಸ್ತವವಾಗಿ ಅದು ಆ ಕಾಲದ ವಿರಕ್ತರ ಬೌದ್ಧಿಕ ಧೈರ್ಯದ ಗುರುತು. ಹಿರಿಯರ ಗ್ರಂಥವನ್ನು ಅವರು ತಲೆಯ ಮೇಲೆ ಹೊತ್ತು ಗೌರವಿಸಿದರು. ಅದೇ ಸಮಯದಲ್ಲಿ ಅದರ ಪ್ರಸಂಗಗಳನ್ನು ತೂಗಿ ನೋಡಿ, ತಪ್ಪೆಂದು ಕಂಡುದನ್ನು ತಿದ್ದಿ, ಕೊರತೆಯೆಂದು ಕಂಡುದನ್ನು ತುಂಬಿದರು. ಪೂರ್ವದ ಪ್ರತಿಗಳನ್ನು ನಾಶ ಮಾಡಲಿಲ್ಲ. ನಾಲ್ಕು ಸಂಪಾದನೆಗಳೂ ಓಲೆಗರಿಗಳಲ್ಲಿ ಉಳಿದು ಬಂದುವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಗೂಳೂರರ ಪಾಠವನ್ನು 1965ರಿಂದ 1972ರವರೆಗೆ ಇಂಗ್ಲಿಷ್ ಅನುವಾದದೊಂದಿಗೆ ಐದು ಸಂಪುಟಗಳಲ್ಲಿ ಪ್ರಕಟಿಸಿ ಹೊರನಾಡಿನ ವಿದ್ವಾಂಸರಿಗೂ ತಲುಪಿಸಿತು. ದಿನವೂ ಲಿಂಗದ ಮುಂದೆ ಮನಸ್ಸನ್ನು ನಿಲ್ಲಿಸುತ್ತಿದ್ದವರೇ ಭಿನ್ನಾಭಿಪ್ರಾಯವನ್ನು ದ್ವೇಷವಿಲ್ಲದೆ ಬರೆದಿಟ್ಟರೆಂಬುದು ಗಮನಾರ್ಹ.

ಇದಕ್ಕೆ ಹೋಲುವ ಮತ್ತೊಂದು ನಿದರ್ಶನ ದಕ್ಷಿಣದ ಶಂಭುಲಿಂಗನ ಬೆಟ್ಟದಲ್ಲಿ ದೊರೆಯುತ್ತದೆ. ಅಲ್ಲಿ ತಪಸ್ಸು ಮಾಡಿದ ನಿಜಗುಣ ಶಿವಯೋಗಿಗಳು ‘ಶಿವಯೋಗ ಪ್ರದೀಪಿಕೆ’ಗೆ ‘ಪರಮಾರ್ಥ ಪ್ರಕಾಶಿಕೆ’ ಎಂಬ ಕನ್ನಡ ಟೀಕೆಯನ್ನು ರಚಿಸಿದರು. ಅವರೇ ‘ವಿವೇಕ ಚಿಂತಾಮಣಿ’ಯನ್ನೂ ರಚಿಸಿ, ವೇದ, ದರ್ಶನ, ಸಂಗೀತ, ವೈದ್ಯಾದಿ ಶಾಸ್ತ್ರಗಳ ವಿಷಯಗಳನ್ನು ವಿಶ್ವಕೋಶದ ರೀತಿಯಲ್ಲಿ ಕನ್ನಡಕ್ಕೆ ತಂದರು. ತಮ್ಮ ಮತದ ಹೊರಗಿನ ದರ್ಶನಗಳನ್ನೂ ಅಧ್ಯಯನಯೋಗ್ಯವೆಂದು ಬಗೆದ ವಿಶಾಲತೆ ಯೋಗಸಾಧನೆಯಿಂದ ಅವರಲ್ಲಿ ಕುಗ್ಗಲಿಲ್ಲ.

ಗಳಿಕೆ ಮತ್ತು ನಷ್ಟ

ಇತಿಹಾಸದ ದೃಷ್ಟಿಯಿಂದ ನೋಡುವಾಗ ಈ ಯುಗದ ನಷ್ಟವನ್ನೂ ಮರೆಮಾಚಬಾರದು. ಕಲ್ಯಾಣದ ಅನುಭವಮಂಟಪದಲ್ಲಿ ಮಡಿವಾಳರು, ಅಂಬಿಗರು, ನುಲಿಯವರು ಮಾತನಾಡಿದ್ದರು. ಮೂವತ್ತಕ್ಕೂ ಹೆಚ್ಚು ಶರಣೆಯರು ವಚನ ರಚಿಸಿದ್ದರು. ತೋಂಟದ ಯುಗದ ವಚನಗಳಲ್ಲಿ ಕಾಯಕದ ಬೆವರು ವಿರಳ, ಸ್ತ್ರೀಯರ ದನಿ ಬಹುಮಟ್ಟಿಗೆ ಮರೆಯಾಗಿದೆ. ಷಟ್‌ಸ್ಥಲದ ಪರಿಭಾಷೆ ಬೆಳೆದಂತೆ ಸಾಮಾನ್ಯನ ಆಡುಮಾತು ಹಿಂದೆ ಸರಿಯಿತು. ಗವಿಯ ಮೌನಕ್ಕೆ ಬೀದಿಯ ದನಿ ಕೇಳದೆ ಹೋಯಿತೆಂಬ ವಿಮರ್ಶಕರ ಆಕ್ಷೇಪ ನಿರಾಧಾರವಾದುದಲ್ಲ. ಮನಸ್ಸಿನ ಶಾಂತಿಯೇ ಗುರಿಯಾಗಿ, ಲೋಕದ ಅನ್ಯಾಯ ಕಣ್ಣಿಗೆ ಬೀಳದಂತಾದರೆ ಆ ಶಾಂತಿಯೂ ಒಂದು ಪಾಶವೇ.

ಆದರೆ ಆ ವಿರಕ್ತರು ಕುಳಿತು ಕಾಪಾಡದೆ ಇದ್ದಿದ್ದರೆ ಆ ಮಡಿವಾಳರ, ಅಂಬಿಗರ, ಶರಣೆಯರ ಮಾತುಗಳು ಇಂದಿನವರಿಗೆ ಉಳಿಯುತ್ತಿರಲಿಲ್ಲ. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದುದಕ್ಕೂ, ಕರ್ನಾಟಕ ಸರ್ಕಾರವು 1993ರಲ್ಲಿ 15 ಸಮಗ್ರ ವಚನ ಸಂಪುಟಗಳನ್ನು ಪ್ರಕಟಿಸಿದುದಕ್ಕೂ ಆಧಾರವಾದುದು ಮಠಗಳಲ್ಲಿ ಮತ್ತು ಮನೆಗಳಲ್ಲಿ ಪ್ರತಿಯಾಗುತ್ತ ಬಂದ ಓಲೆಕಟ್ಟುಗಳೇ. ತಾವು ಬದುಕಲಾರದ ಧೈರ್ಯವನ್ನೂ ಅವರು ಅಳಿಸಿಹಾಕದೆ ಬರೆದಿಟ್ಟರು. ಮುಂದಿನವರು ತಮ್ಮನ್ನೇ ಆ ಮಾತುಗಳಿಂದ ಅಳೆಯಬಹುದೆಂಬುದು ಅವರಿಗೆ ತಿಳಿಯದ ಸಂಗತಿಯೇನಲ್ಲ. ಅದು ಸಣ್ಣ ಸ್ವಾತಂತ್ರ್ಯವಲ್ಲ.

ಇಂದಿನ ಕಾಲದಲ್ಲಿ ಧ್ಯಾನಕ್ಕೂ ವಿಚಾರಕ್ಕೂ ನಡುವೆ ಗೋಡೆ ಎದ್ದಿದೆ. ಧ್ಯಾನವನ್ನು ಆಯಾಸ ಪರಿಹಾರದ ಉಪಾಯವೆಂದು ಕೆಲವರು ತಿಳಿಯುತ್ತಾರೆ. ಸ್ವತಂತ್ರ ವಿಚಾರವೆಂದರೆ ಹಿರಿಯರ ಮಾತನ್ನು ಅಲ್ಲಗಳೆಯುವುದೆಂದು ಮತ್ತೆ ಕೆಲವರು ಭಾವಿಸುತ್ತಾರೆ. ಹಿರಿಯರು ಹೇಳಿದರೆಂದು ಒಪ್ಪುವವನೂ, ಹಿರಿಯರು ಹೇಳಿದರೆಂದೇ ನಿರಾಕರಿಸುವವನೂ ಒಂದೇ ಹಗ್ಗದ ಎರಡು ತುದಿಗಳನ್ನು ಹಿಡಿದವರು. ಇಬ್ಬರ ಮಾತಿಗೂ ಮೂಲ ಹೊರಗಿದೆ. ಕಾಪನಹಳ್ಳಿಯ ಗವಿಯ ಪರಂಪರೆ ಮೂರನೆಯ ದಾರಿಯನ್ನು ತೋರಿಸುತ್ತದೆ. ಗುರುವಿನಿಂದ ಪಡೆದುದನ್ನು ಅಂಗೈಯಲ್ಲಿ ಇಟ್ಟುಕೊಂಡು ದಿಟ್ಟಿಸಿ ನೋಡುವುದು, ಮನಸ್ಸಿನ ಕಲಕು ತಳಕ್ಕಿಳಿಯುವವರೆಗೆ ಕಾಯುವುದು, ಆ ಮೇಲೆ ಸ್ವೀಕರಿಸುವುದನ್ನು ಸ್ವೀಕರಿಸಿ ತಿದ್ದುವುದನ್ನು ತಿದ್ದುವುದು ಆ ದಾರಿಯ ಕ್ರಮ.

ಸ್ವತಂತ್ರ ಸಿದ್ಧಲಿಂಗೇಶ್ವರರ ವಚನಗಳು ತೋಂಟದ ಸಿದ್ಧಲಿಂಗ ಯತಿಗಳ ಕೃತಿಯಷ್ಟು ಪ್ರಚಾರ ಪಡೆದಿಲ್ಲ. ಸಾಹಿತ್ಯದ ವಿದ್ಯಾರ್ಥಿಗಳು ಅವುಗಳನ್ನು ಹನ್ನೆರಡನೆಯ ಶತಮಾನದ ವಚನಗಳ ನೆರಳೆಂದು ತಳ್ಳಿಹಾಕದೆ, ಗುರುಕೃತಿಯೊಡನೆ ಇಟ್ಟು ತೌಲನಿಕವಾಗಿ ಅಭ್ಯಸಿಸುವುದು ಅಗತ್ಯ. ಶಿಷ್ಯರು ಎಲ್ಲಿ ಗುರುವನ್ನು ಅನುಸರಿಸಿದ್ದಾರೆ, ಎಲ್ಲಿ ತಮ್ಮದೇ ಹಾಸನ್ನು ಹೂಡಿದ್ದಾರೆ ಎಂಬುದು ಆಗ ತಿಳಿಯುತ್ತದೆ. ಭಕ್ತರಿಗಂತೂ ಅವರ ಅಂಕಿತವೇ ನಿತ್ಯಪಾಠವಾಗಬಲ್ಲುದು. ಅದರಲ್ಲಿ ನಿಜಗುರುವೂ ಇದ್ದಾನೆ, ಸ್ವತಂತ್ರವೂ ಇದೆ. ಪ್ರತಿದಿನದ ಲಿಂಗಾರ್ಚನೆಯಲ್ಲಿ ಇವೆರಡನ್ನೂ ಒಟ್ಟಿಗೆ ಉಳಿಸಿಕೊಳ್ಳುವುದೇ ಆ ಗವಿಯ ಹಿರಿಯರಿಗೆ ಸಲ್ಲುವ ನಿಜವಾದ ಗೌರವ.